ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್: ಮನಸ್ಸು ಸ್ವಲ್ಪ ಹಗುರಾಗುವಂಥದ್ದು ಏನಾದರೂ ಹೇಳಿ

ಅರಸೀಕೆರೆ ಹುಡುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 61 ವರ್ಷ. ಸಕ್ಕರೆ ಕಾಯಿಲೆ ತುಂಬಾ ವರ್ಷದಿಂದ ಇತ್ತು. ಕಳೆದ ವರ್ಷ ಎರಡೂ ಕಿಡ್ನಿ ಹೋದವು. ಈಗ ಏಳು ತಿಂಗಳಿಂದ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಹಾಸನಕ್ಕೆ ಹೋಗುತ್ತೇವೆ. ನಾಲ್ಕು ಗಂಟೆ ಮೆಷಿನ್. ಮನೆಗೆ ಬರುವಾಗ ಮಧ್ಯಾಹ್ನ ಒಂದು ದಾಟಿರುತ್ತೆ. ಬಂದವರೇ ಮಲಗಿಬಿಡುತ್ತಾರೆ.

ಚಿಕಿತ್ಸೆ ಬಗ್ಗೆ ನನ್ನ ಪ್ರಶ್ನೆ ಇಲ್ಲ. ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ. ನನ್ನ ಕಷ್ಟ ಬೇರೆ. ಅಮ್ಮ ಮಾತು ಬಿಟ್ಟಿದ್ದಾರೆ. ಮೊದಲು ಹಬ್ಬ ಬಂದರೆ ಇಡೀ ಬೀದಿಗೆ ಹೂವು ಕಟ್ಟಿ ಕೊಡುತ್ತಿದ್ದರು. ಈಗ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಮಾತಾಡಿದರೆ ಒಂದೇ ಮಾತು, "ಒಂದು ಲೋಟ ನೀರು ಕೊಡೇ." ಕಿಡ್ನಿ ಕೆಲಸ ಮಾಡದೆ ಕುಡಿದ ನೀರು ಮೈಯಲ್ಲೇ ಉಳಿಯುತ್ತೆ, ಅದಕ್ಕೇ ದಿನಕ್ಕೆ ಒಂದು ಲೀಟರ್ ಒಳಗೇ ಇರಬೇಕು ಅಂದಿದ್ದಾರೆ. ಅದರಲ್ಲೇ ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಬೇಕು. ನಾನು ಹೆತ್ತ ತಾಯಿಗೆ ನೀರು ಕೊಡಲ್ಲ ಅನ್ನಬೇಕು. ಅದು ನನ್ನನ್ನು ತಿನ್ನುತ್ತಿದೆ.

ನೆಂಟರು ಫೋನ್ ಮಾಡಿ "ಪಾಸಿಟಿವ್ ಆಗಿರಿ" ಅಂತಾರೆ. ಹೇಗೆ ಅಂತ ಯಾರೂ ಹೇಳಲ್ಲ. ಇದೇ ದಾರಿಯಲ್ಲಿ ನಡೆದವರು ಇಲ್ಲಿದ್ದರೆ, ನಿಮ್ಮ ಮನೆಯಲ್ಲಿ ಯಾವ ಸಣ್ಣ ವಿಷಯ ದಿನವನ್ನು ಸ್ವಲ್ಪ ಸುಲಭ ಮಾಡಿತು ಅಂತ ಹೇಳ್ತೀರಾ? ಎಷ್ಟೇ ಸಣ್ಣದಾದರೂ ಪರವಾಗಿಲ್ಲ.

ಕಾಫಿಪುಡಿ
ತಂಗಿ, ಮೊದಲು ನೀವು ಊಟ ಮಾಡಿದ್ರಾ? ನಮ್ಮ ಯಜಮಾನರದ್ದು ನಾಲ್ಕು ವರ್ಷ ಆಯಿತು. ಮೊದಲ ವರ್ಷ ನಾನೂ ಹೀಗೇ ಬರೆಯುತ್ತಿದ್ದೆ.

ನೀರಿನ ವಿಷಯ ಹೇಳುತ್ತೇನೆ. ದೊಡ್ಡ ಲೋಟದಲ್ಲಿ ಅರ್ಧ ಕೊಟ್ಟರೆ "ಇಷ್ಟೇನಾ" ಅನ್ನಿಸುತ್ತೆ. ನಮ್ಮ ಮನೆಯಲ್ಲಿ ಹಳೇ ಬೆಳ್ಳಿ ಲೋಟ ಇತ್ತು, ಮಗುವಿಗೆ ಹಾಲು ಕುಡಿಸುವಂಥದ್ದು. ಅದಕ್ಕೆ 50 ಮಿಲಿ ಹಿಡಿಯುತ್ತೆ. ಅದರಲ್ಲಿ ತುಂಬಿಸಿ ಕೊಡೋದು. ತುಂಬಿದ ಲೋಟ ಕೈಗೆ ಬಂದರೆ ಮನುಷ್ಯನಿಗೆ ಬೇರೆಯೇ ಸಮಾಧಾನ. ಇನ್ನೊಂದು, ಬೆಳಗ್ಗೆಯೇ ಅವರ ಇಡೀ ದಿನದ ನೀರನ್ನು ಒಂದು ಬಾಟಲಿಗೆ ಹಾಕಿ ಅವರ ಪಕ್ಕದಲ್ಲೇ ಇಟ್ಟುಬಿಡುತ್ತೇನೆ. ಕಾಫಿ ಕುಡಿದರೆ ಅಷ್ಟು ನೀರನ್ನು ಅವರೇ ಬಾಟಲಿಯಿಂದ ತೆಗೆದು ಗಿಡಕ್ಕೆ ಹಾಕುತ್ತಾರೆ. ಲೆಕ್ಕ ಅವರದ್ದು. ನಾನು ಕೊಡೋಳೂ ಅಲ್ಲ, ತಡೆಯೋಳೂ ಅಲ್ಲ. ಅವತ್ತಿಂದ ನಮ್ಮಿಬ್ಬರ ಜಗಳ ನಿಂತಿತು.

ಸದಾ ನಗು
ಸಿಸ್ಟರ್, ಮನಸ್ಸು ಗಟ್ಟಿ ಇದ್ದರೆ ಎಲ್ಲ ಕಾಯಿಲೆ ಓಡುತ್ತೆ. ಅಮ್ಮನಿಗೆ ದಿನಾ ಬೆಳಗ್ಗೆ "ನಾನು ಆರೋಗ್ಯವಾಗಿದ್ದೇನೆ" ಅಂತ 21 ಸಲ ಹೇಳಿಸಿ. ಅಳುವುದಕ್ಕೆ ಬಿಡಬೇಡಿ.

ಧಾರವಾಡದಾಕಿ
ಸದಾ ನಗು ಅವರೇ, ನಿಮ್ಮ ಒಳ್ಳೆ ಮನಸ್ಸು ಅರ್ಥ ಆಗುತ್ತೆ. ಆದರೆ ಕಿಡ್ನಿ ಕೆಲಸ ನಿಲ್ಲಿಸಿದವರಿಗೆ "ಆರೋಗ್ಯವಾಗಿದ್ದೇನೆ" ಅಂತ ಹೇಳಿಸಿದರೆ ಅವರ ನೋವು ಸುಳ್ಳು ಅಂದ ಹಾಗೆ ಆಗುತ್ತೆ ಅಲ್ವಾ? ನಮ್ಮ ಅಕ್ಕ ಹಾಸಿಗೆ ಹಿಡಿದಿದ್ದಾಗ ಎಲ್ಲರೂ ಧೈರ್ಯ ಹೇಳೋರೇ. ಒಂದು ದಿನ ಅವಳು "ಯಾರಾದರೂ ನನ್ನ ಜೊತೆ ಕೂತು ಅಳ್ರೀ" ಅಂದಳು. ನಾನು, ಅವಳು ಇಬ್ಬರೂ ಅರ್ಧ ಗಂಟೆ ಅತ್ತೆವು. ಆಮೇಲೆ ಅವಳೇ ಎದ್ದು "ಚಹಾ ಮಾಡು" ಅಂದಳು. ಎಷ್ಟೋ ದಿನದ ಮೇಲೆ ಅವಳಾಗಿ ಏನಾದರೂ ಕೇಳಿದ್ದು ಅದೇ.

ಸದಾ ನಗು
ಅಳು ಬೇಡ ಅಂದಿದ್ದು ಯಾಕೆ ಅಂದರೆ, ನಮ್ಮ ತಂದೆ ಅಳುತ್ತಲೇ ಹೋದರು. ನೋಡಲು ಆಗಲಿಲ್ಲ. ಅದಕ್ಕೇ ಹಾಗೆ ಬರೆದೆ.

ಧಾರವಾಡದಾಕಿ
ಕ್ಷಮಿಸಿ ಅಣ್ಣ. ಗೊತ್ತಿರಲಿಲ್ಲ.

ಹಳೇ ಮೇಷ್ಟ್ರು
ಮಗಳೇ, ನಾನು ರೋಗಿಯ ಕಡೆಯಿಂದ ಬರೆಯುತ್ತೇನೆ. ಆರು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದೇನೆ. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದೆ, ಈಗ ನಿವೃತ್ತ.

ಮೆಷಿನ್‌ಗಿಂತ ಹೆಚ್ಚು ನೋಯಿಸುವುದು ಯಾವುದು ಗೊತ್ತಾ? ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಏನು ತಿನ್ನಬೇಕು ಅಂತ ಡಯಟೀಷಿಯನ್ ಹೇಳುತ್ತಾರೆ. ಯಾವಾಗ ಕುಡಿಯಬೇಕು ಅಂತ ಮಗ ಹೇಳುತ್ತಾನೆ. ಯಾವ ಕೈ ಎತ್ತಬಾರದು ಅಂತ ಸೊಸೆ ಹೇಳುತ್ತಾಳೆ. ಎಲ್ಲರೂ ಪ್ರೀತಿಯಿಂದಲೇ ಹೇಳುವುದು. ಆದರೆ ನಲವತ್ತು ಮಕ್ಕಳ ಕ್ಲಾಸು ನಡೆಸಿದವನಿಗೆ ತನ್ನ ಲೋಟದ ಮೇಲೂ ಅಧಿಕಾರ ಇಲ್ಲ ಅಂದರೆ ಮಾತು ತಾನಾಗೇ ನಿಲ್ಲುತ್ತದೆ. ಕಾಫಿಪುಡಿಯಮ್ಮನ ಬಾಟಲಿ ಉಪಾಯ ನನಗೆ ತುಂಬಾ ಹಿಡಿಸಿತು.

ನಮ್ಮ ಮನೆಯಲ್ಲಿ ಬದಲಾವಣೆ ಬಂದಿದ್ದು ಮೊಮ್ಮಗಳಿಂದ. ಆರು ವರ್ಷದವಳು. ಬಂದು "ತಾತ, ಇವತ್ತು ಸಾರಿಗೆ ಯಾವ ತರಕಾರಿ ಹಾಕೋಣ?" ಅಂದಳು. ನಾನು "ಹೀರೇಕಾಯಿ" ಅಂದೆ. ಅಷ್ಟೇ. ಅವತ್ತು ಊಟಕ್ಕೆ ಕೂತಾಗ ಅದು ನಾನು ಹೇಳಿದ ಸಾರು ಅನ್ನಿಸಿತು. ನಿಮ್ಮ ತಾಯಿಯನ್ನೂ ದಿನಕ್ಕೆ ಒಂದಾದರೂ ನಿಜವಾದ ಪ್ರಶ್ನೆ ಕೇಳಿ. "ಹೇಗಿದ್ದೀರಿ" ಅನ್ನುವುದು ಪ್ರಶ್ನೆ ಅಲ್ಲ.

ಅರಸೀಕೆರೆ ಹುಡುಗಿ
ಮೇಷ್ಟ್ರೇ, ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ಏಳು ತಿಂಗಳಲ್ಲಿ ನಾನು ಅಮ್ಮನನ್ನು ಕೇಳಿದ್ದೆಲ್ಲ "ಮಾತ್ರೆ ತಗೊಂಡ್ರಾ", "ತೂಕ ಎಷ್ಟಿದೆ", ಇಷ್ಟೇ.

ಬೆಳ್ಳುಳ್ಳಿ ಒಗ್ಗರಣೆ
ಬಾಯಾರಿಕೆಗೆ ನನ್ನ ಅನುಭವ. ನೀರು ಕಡಿಮೆ ಮಾಡುವುದಕ್ಕಿಂತ ಮೊದಲು ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ, ಚಟ್ನಿಪುಡಿ ಇವೆಲ್ಲ ಮನೆಯಲ್ಲಿದ್ದರೆ ನೀರು ತಡೆಯಲು ಯಾರಿಂದಲೂ ಆಗಲ್ಲ. ನಾವು ಬರೀ ಒಗ್ಗರಣೆಯಲ್ಲಿ ರುಚಿ ತರುತ್ತೇವೆ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಇಂಗು, ಕರಿಬೇವು, ಕೊನೆಗೆ ನಿಂಬೆ ಹಿಂಡೋದು. ನಿಂಬೆ ಹುಳಿ ಇದ್ದರೆ ಉಪ್ಪು ಕಡಿಮೆ ಅಂತ ನಾಲಿಗೆಗೆ ಅಷ್ಟು ಗೊತ್ತಾಗಲ್ಲ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಇರುವ ಉಪ್ಪು ಸಿಗುತ್ತೆ, ಅದನ್ನೂ ಬಳಸಬಹುದು.

ನಾಲ್ಕನೇ ಬೆಡ್
ದಯವಿಟ್ಟು ನಿಲ್ಲಿ. ನಾನು ಡಯಾಲಿಸಿಸ್ ಟೆಕ್ನಿಷಿಯನ್. ಆ ಕಡಿಮೆ ಸೋಡಿಯಂ ಉಪ್ಪನ್ನು ಕಿಡ್ನಿ ಕಾಯಿಲೆ ಇರುವವರು ಬಳಸಲೇಬಾರದು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಂ ಹೊರಗೆ ಹೋಗಲ್ಲ. ರಕ್ತದಲ್ಲಿ ಜಾಸ್ತಿ ಆದರೆ ಹೃದಯದ ಬಡಿತವೇ ನಿಲ್ಲಬಹುದು. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ. ನಿಮ್ಮ ಒಗ್ಗರಣೆ ಮಾತು ಮಾತ್ರ ನೂರಕ್ಕೆ ನೂರು ಸರಿ.

ಸಕ್ಕರೆ ಕಾಯಿಲೆ ಇದೆ ಅಂದಿರಿ. ರಕ್ತದಲ್ಲಿ ಸಕ್ಕರೆ ಏರಿದಾಗಲೂ ಬಾಯಾರಿಕೆ ಜಾಸ್ತಿ ಆಗುತ್ತೆ. ಹಾಗಾಗಿ ಅಮ್ಮ ತುಂಬಾ ನೀರು ಕೇಳಿದ ದಿನ ಒಮ್ಮೆ ಶುಗರ್ ನೋಡಿ.

ಬೆಳ್ಳುಳ್ಳಿ ಒಗ್ಗರಣೆ
ಅಯ್ಯೋ, ಗೊತ್ತೇ ಇರಲಿಲ್ಲ. ಒಳ್ಳೆಯದಾಯಿತು ಹೇಳಿದ್ದು. ನಮ್ಮ ಅತ್ತೆಗೆ ಬಿಪಿ ಮಾತ್ರ, ಕಿಡ್ನಿ ತೊಂದರೆ ಇಲ್ಲ. ಅರಸೀಕೆರೆ ತಂಗಿ, ಆ ಉಪ್ಪು ಬೇಡ.

ತೋಟದ ಮನೆ
ಎಳನೀರು ಕೊಡಿ. ತಂಪು. ಅರಸೀಕೆರೆ, ತಿಪಟೂರು ಕಡೆ ಬೇಕಾದಷ್ಟು ಸಿಗುತ್ತಲ್ಲ. ದೇಹಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ?

ನಾಲ್ಕನೇ ಬೆಡ್
ಎಳನೀರೂ ಬೇಡ ಸಾರ್. ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಬಾಳೆಹಣ್ಣು, ಒಣಹಣ್ಣುಗಳೂ ಹಾಗೇ. ಆಲೂಗಡ್ಡೆ ತಿನ್ನಲೇಬೇಕು ಅನ್ನಿಸಿದರೆ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಆಮೇಲೆ ಪಲ್ಯ ಮಾಡಿ. ಎಷ್ಟು ತಿನ್ನಬಹುದು ಅಂತ ಅವರವರ ಡಯಟೀಷಿಯನ್ ಹೇಳಬೇಕು. ಇನ್ನೊಂದು ದೊಡ್ಡ ಎಚ್ಚರಿಕೆ, ಕರಾವಳಿ ಮಲೆನಾಡಿನವರಿಗೆ. ದಾರೆಹುಳಿ, ನಕ್ಷತ್ರದ ಆಕಾರ ಇರುತ್ತಲ್ಲ, ಅದನ್ನು ಕಿಡ್ನಿ ರೋಗಿಗಳು ಒಂದು ಹೋಳೂ ಮುಟ್ಟಬಾರದು. ಅದರ ವಿಷ ಮೆದುಳಿಗೆ ಹೋಗುತ್ತೆ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವ ತನಕ ಹೋಗಬಹುದು.

ತೋಟದ ಮನೆ
ನಮ್ಮಜ್ಜಿ ಕಾಲದಿಂದ ಎಳನೀರು ಔಷಧಿ ಅಂತಲೇ ಕೇಳಿದ್ದು. ಆದರೂ ನಿಮ್ಮ ಮಾತು ಒಪ್ಪಿದೆ. ತೆಂಗು ಬೆಳೆಯುವವನಾಗಿ ಇದನ್ನು ನಾಲ್ಕು ಜನಕ್ಕೆ ಹೇಳುತ್ತೇನೆ.

ಕುಂದಾಪುರ ಕಡಲು
ದಾರೆಹುಳಿ ಮಾತು ಸತ್ಯ. ನಮ್ಮ ಹಿತ್ತಲಲ್ಲೇ ಮರ ಇದೆ. ಅಕ್ಕ, ಒಂದು ಪ್ರಶ್ನೆ. ಅಮ್ಮ ಹೂವು ಕಟ್ಟುತ್ತಿದ್ದರು ಅಂದಿರಲ್ಲ, ಈಗ ಯಾಕೆ ಕಟ್ಟುತ್ತಿಲ್ಲ? ಕೈ ನೋವಾ?

ಅರಸೀಕೆರೆ ಹುಡುಗಿ
ಎಡಗೈಗೆ ಫಿಸ್ಟುಲಾ ಮಾಡಿದ್ದಾರೆ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಕೈಯೊಳಗೆ ಎರಡು ರಕ್ತನಾಳ ಸೇರಿಸುವ ಆಪರೇಷನ್. ಆ ಕೈಗೆ ಭಾರ ಬೀಳಬಾರದು, ಬಿಪಿ ನೋಡಬಾರದು, ಬಿಗಿಯಾದ್ದು ಏನೂ ಹಾಕಬಾರದು ಅಂದರು. ಆಪರೇಷನ್ ದಿನ ಎಡಗೈ ಗಾಜಿನ ಬಳೆ ತೆಗೆಸಿದರು. ಅವತ್ತಿಂದ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾರೆ. ಹೂವು ತಂದುಕೊಟ್ಟರೆ "ಈ ಕೈ ಇನ್ನು ಯಾವುದಕ್ಕೂ ಆಗಲ್ಲ" ಅಂತಾರೆ. ನಾನೂ ಹೆದರಿ ಸುಮ್ಮನಾದೆ. ದಾರ ಬಿಗಿ ಮಾಡಿದರೆ ಏನಾದರೂ ಆಗುತ್ತಾ ಅಂತ.

ನಾಲ್ಕನೇ ಬೆಡ್
ಹೂವು ಕಟ್ಟಲು ಯಾವ ಅಡ್ಡಿಯೂ ಇಲ್ಲ ಅಕ್ಕ. ಫಿಸ್ಟುಲಾ ಗಟ್ಟಿಯಾಗಲಿ ಅಂತ ನಾವೇ ಮೆತ್ತನೆ ಚೆಂಡು ಕೊಟ್ಟು ಆ ಕೈಯಲ್ಲಿ ಹಿಸುಕಿ ಅನ್ನುತ್ತೇವೆ. ಬೆರಳು ಆಡಿಸಿದರೆ ತೊಂದರೆ ಇಲ್ಲ. ಕೈಗೆ ದಾರ ಸುತ್ತಿಕೊಳ್ಳಬಾರದು, ಭಾರದ ಬುಟ್ಟಿ ಎತ್ತಬಾರದು. ಅಷ್ಟೇ. ಸೂಜಿ ತೆಗೆದ ದಿನ ಬೇಡ, ಮಾರನೇ ದಿನ ಕಟ್ಟಲಿ. ಒಮ್ಮೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನೊಂದು ಮಾಡಿ. ಅಮ್ಮನ ಬಲಗೈ ಬೆರಳನ್ನು ಫಿಸ್ಟುಲಾ ಮೇಲೆ ಮೆಲ್ಲಗೆ ಇಡಿಸಿ. ಒಳಗೆ ಝುಂ ಅಂತ ಅದುರುತ್ತೆ. ಅದು ಅದುರುತ್ತಿದ್ದರೆ ರಕ್ತ ಸರಿಯಾಗಿ ಹರಿಯುತ್ತಿದೆ ಅಂತ ಅರ್ಥ. ದಿನಾ ನೋಡಿಕೊಳ್ಳಲು ಹೇಳಿ, ನಿಂತರೆ ತಕ್ಷಣ ಆಸ್ಪತ್ರೆಗೆ ಬನ್ನಿ. ನಮ್ಮಲ್ಲಿ ಬರುವ ಒಬ್ಬ ಅಜ್ಜಿ ಅದಕ್ಕೆ "ನನ್ನ ಜೇನುಗೂಡು" ಅಂತಾರೆ. ಬೆಳಗ್ಗೆ ಎದ್ದವರೇ ಅದನ್ನು ಮುಟ್ಟಿ ನೋಡಿ ಆಮೇಲೆ ದೇವರಿಗೆ ಕೈಮುಗಿಯುತ್ತಾರಂತೆ.

ಕಾಫಿಪುಡಿ
ಜೇನುಗೂಡು! ಎಷ್ಟು ಚೆನ್ನಾಗಿದೆ.

ಕುಂದಾಪುರ ಕಡಲು
ಹಾಗಾದರೆ ಮಲ್ಲಿಗೆ ತರಿಸಿ. ನಮ್ಮ ಕಡೆ ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮಮ್ಮ 70 ದಾಟಿದವರು, ಟಿವಿ ನೋಡುತ್ತಲೇ ಕಟ್ಟುತ್ತಾರೆ. ಕಣ್ಣು ಹೂವಿನ ಮೇಲೆ ಇರುವುದೇ ಇಲ್ಲ.

ಹಡಗಲಿ ಹೈದ
ಮಲ್ಲಿಗೆ ಅಂದಮೇಲೆ ಹಡಗಲಿ ಬಿಡೋ ಹಾಗಿಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಜೊತೆ ನಮ್ಮದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಪರಿಮಳದಲ್ಲಿ ನಮ್ಮದೇ ಮೇಲು.

ಕುಂದಾಪುರ ಕಡಲು
ಪರಿಮಳ ಒಪ್ಪುತ್ತೇನೆ. ಬಾಡದೆ ಉಳಿಯುವುದರಲ್ಲಿ ನಮ್ಮದು.

ಅರಸೀಕೆರೆ ಹುಡುಗಿ
ನಮ್ಮ ಕಡೆ ಕಾಕಡ, ಸೇವಂತಿಗೆ, ಕನಕಾಂಬರ ಜಾಸ್ತಿ. ಅಳೆಯುವುದು ಮೊಳ, ಮಾರು ಲೆಕ್ಕದಲ್ಲಿ. ಅಮ್ಮನ ಮೊಳ ಅಂದರೆ ಬೀದಿಯವರಿಗೆಲ್ಲ ಇಷ್ಟ, ಯಾವತ್ತೂ ನಾಲ್ಕು ಬೆರಳು ಹೆಚ್ಚಿಗೇ ಇರುತ್ತಿತ್ತು. ಶುಕ್ರವಾರ ಡಾಕ್ಟರ್ ಹತ್ತಿರ ಕೇಳುತ್ತೇನೆ.

ಸರಳ ಪರಿಹಾರ
ಇಷ್ಟೆಲ್ಲ ಯಾಕೆ? ನಮ್ಮ ಊರಿನ ಹತ್ತಿರ ಒಬ್ಬರು ನಾಟಿ ಔಷಧಿ ಕೊಡುತ್ತಾರೆ. ಮೂರು ತಿಂಗಳಲ್ಲಿ ಕಿಡ್ನಿ ಮೊದಲಿನ ಹಾಗೆ ಆಗುತ್ತೆ. ಡಯಾಲಿಸಿಸ್ ಬಿಡಿಸಬಹುದು. ನಂಬಿಕೆ ಇರಬೇಕು ಅಷ್ಟೇ.

ನಿದ್ರೆ ಬಾರದವನು
ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವವನಲ್ಲ. ಓದಿ ಹೋಗುತ್ತೇನೆ. ಈ ಮಾತಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ.

ನನ್ನ ಹೆಂಡತಿಗೂ ಯಾರೋ ಹೀಗೇ ಹೇಳಿದರು. ನಾವು ದಣಿದಿದ್ದೆವು. ಬಸ್ಸು, ಸೂಜಿ, ಖರ್ಚು ಎಲ್ಲ ಸಾಕಾಗಿತ್ತು. ನಂಬಬೇಕು ಅನ್ನಿಸಿತು, ನಂಬಿದೆವು. ಎರಡು ಡಯಾಲಿಸಿಸ್ ಬಿಟ್ಟೆವು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅವಳು ಉಳಿಯಲಿಲ್ಲ. ಇದನ್ನು ನಾನು ದಿನಾ ರಾತ್ರಿ ನೆನೆಸುತ್ತೇನೆ. ಔಷಧಿ ಕೊಟ್ಟವನ ಹೆಸರು ಹೇಳಿ ಪ್ರಯೋಜನ ಇಲ್ಲ. ಅಂಥವರು ಎಲ್ಲ ಊರಲ್ಲೂ ಇದ್ದಾರೆ. ತಾಯಿ, ನಿಮ್ಮ ಅಮ್ಮನಿಗೆ ಒಂದು ದಿನವೂ ತಪ್ಪಿಸಬೇಡಿ.

ಹಳೇ ಮೇಷ್ಟ್ರು
ಅಪ್ಪಾ, ನೀವು ಕೇಡು ಬಯಸಿ ಮಾಡಿದ್ದಲ್ಲ. ದಣಿದವರು ಯಾರು ಕೈ ಚಾಚಿದರೂ ಹಿಡಿದುಬಿಡುತ್ತಾರೆ. ನಿಮ್ಮ ಮಾತಿನಿಂದ ಇಲ್ಲಿ ಯಾರಾದರೂ ಒಬ್ಬರು ಉಳಿಯಬಹುದು.

ಧಾರವಾಡದಾಕಿ
ಅಣ್ಣ, ರಾತ್ರಿ ನಿದ್ರೆ ಬಾರದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಕ್ಕ ಹೋದ ಮೇಲೆ ನಾನು ಮಾಡಿದ್ದೆ. ಕಾಯಿಲೆಯವರನ್ನು ನೋಡಿಕೊಳ್ಳುವವರೂ ಮಾಡಬಹುದು. ಅರಸೀಕೆರೆ ತಂಗಿ, ಇದು ನಿಮಗೂ.

ನಿದ್ರೆ ಬಾರದವನು
ನಂಬರ್ ಬರೆದುಕೊಂಡೆ ತಂಗಿ.

ಮಸ್ಕತ್ ಮಗ
ನಾನು ದೂರದಲ್ಲಿ ಇರುವವನು. ಅಪ್ಪ ದಾವಣಗೆರೆಯಲ್ಲಿ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಅಮ್ಮ, ತಂಗಿ ನೋಡಿಕೊಳ್ಳುತ್ತಾರೆ. ದುಡ್ಡು ಕಳಿಸುವುದು ಬಿಟ್ಟು ನನ್ನಿಂದ ಏನೂ ಆಗುತ್ತಿಲ್ಲ ಅಂತ ತುಂಬಾ ಬೇಜಾರಿತ್ತು. ಈಗ ಅಪ್ಪ ಮೆಷಿನ್ ಮೇಲೆ ಇದ್ದಾಗ ಫೋನ್ ಮಾಡುತ್ತೇನೆ. ಕಾಯಿಲೆ ಮಾತು ಎತ್ತಲ್ಲ. ಕ್ರಿಕೆಟ್ ಇದ್ದರೆ ಸ್ಕೋರ್ ಹೇಳುತ್ತೇನೆ. ಇಲ್ಲದಿದ್ದರೆ ಅಪ್ಪ ಬೆಣ್ಣೆದೋಸೆಗೆ ಎಷ್ಟು ಉರಿ ಇರಬೇಕು ಅಂತ ಹೇಳಿಕೊಡುತ್ತಾರೆ. ಅಪ್ಪ ಹೋಟೆಲ್ ನಡೆಸಿದವರು. ನಾನು ಇಲ್ಲಿ ರೂಮಿನಲ್ಲಿ ಹುಯ್ದು ಫೋಟೋ ಕಳಿಸುತ್ತೇನೆ. ಮೊನ್ನೆ "ಈಗ ಅಂಚು ಸರಿ ಬಂತು" ಅಂದರು. ಪಕ್ಕದ ಬೆಡ್‌ನವರಿಗೂ ಫೋನ್ ತೋರಿಸಿದರಂತೆ.

ಕಾಫಿಪುಡಿ
ಒಳ್ಳೆ ಮಗ ಕಣಪ್ಪ ನೀನು. ತಂಗಿಗೂ ಆಗಾಗ ಫೋನ್ ಮಾಡು. ಅವಳ ಜೊತೆಗೂ ಕಾಯಿಲೆ ಬಿಟ್ಟು ಬೇರೆ ಮಾತಾಡು.

ಮಸ್ಕತ್ ಮಗ
ಖಂಡಿತ ಅಕ್ಕ. ಅದು ನನಗೆ ಹೊಳೆದಿರಲಿಲ್ಲ.

ಪುಟ್ಟಗೌರಿ ಟೈಲರ್
ನಮ್ಮ ಅಂಗಡಿಗೆ ಒಬ್ಬರು ಡಯಾಲಿಸಿಸ್ ಅಮ್ಮ ಬರುತ್ತಾರೆ. ಆಸ್ಪತ್ರೆ ಎಸಿಯಲ್ಲಿ ಚಳಿ, ಆದರೆ ಉದ್ದ ತೋಳಿನ ರವಿಕೆ ಹಾಕಿದರೆ ಸೂಜಿ ಹಾಕಲು ಆಗಲ್ಲ. ಪ್ರತಿ ಸಲ ಎಲ್ಲರೆದುರು ತೋಳು ಮೇಲಕ್ಕೆ ಎಳೆಯಬೇಕು, ನಾಚಿಕೆ ಅಂದರು. ನಾನು ಎಡ ತೋಳನ್ನು ಹೊಲಿಗೆ ಬಿಚ್ಚಿ ಉದ್ದಕ್ಕೂ ಟಿಚ್ ಬಟನ್ ಇಟ್ಟುಕೊಟ್ಟೆ. ಬೇಕಾದಷ್ಟೇ ತೆರೆಯಬಹುದು, ಉಳಿದದ್ದು ಮುಚ್ಚಿರುತ್ತೆ. ಈಗ ಸ್ವೆಟರಿಗೂ ಹಾಗೇ ಮಾಡಿಸಿಕೊಂಡಿದ್ದಾರೆ. ಖರ್ಚು ಏನೂ ಇಲ್ಲ, ಯಾವ ಟೈಲರ್ ಆದರೂ ಮಾಡಿಕೊಡುತ್ತಾರೆ.

ಬೆಳ್ಳುಳ್ಳಿ ಒಗ್ಗರಣೆ
ಹೌದು, ಚಳಿ ತುಂಬಾ ಆಗುತ್ತಂತೆ. ಒಂದು ಕಂಬಳಿ ತಗೊಂಡು ಹೋಗಿ ಕೈ ಸಮೇತ ಪೂರ್ತಿ ಹೊದಿಸಿಬಿಡಿ.

ನಾಲ್ಕನೇ ಬೆಡ್
ಕಂಬಳಿ ತನ್ನಿ. ಸಾಕ್ಸ್, ತಲೆಗೆ ಟವೆಲ್ ಕೂಡ ತನ್ನಿ. ಆದರೆ ಸೂಜಿ ಇರುವ ಕೈ ಯಾವಾಗಲೂ ಕಾಣುತ್ತಿರಬೇಕು. ಕಂಬಳಿ ಒಳಗೆ ಸೂಜಿ ಜಾರಿದರೆ ರಕ್ತ ಹೋಗುತ್ತಿರುವುದು ನಮಗೆ ಗೊತ್ತೇ ಆಗಲ್ಲ. ಅದಕ್ಕೇ ಟೈಲರ್ ಅಕ್ಕನ ಉಪಾಯ ಸೊಗಸಾಗಿದೆ. ನಮ್ಮ ಯೂನಿಟ್‌ನಲ್ಲೂ ಎಲ್ಲರಿಗೂ ಹೇಳುತ್ತೇನೆ.

ಹಳೇ ಮೇಷ್ಟ್ರು
ಟೆಕ್ನಿಷಿಯನ್ ಮಗಾ, ಒಂದು ಲೆಕ್ಕ ಕೇಳಬೇಕಿತ್ತು. ಒಂದು ಸಲದ ಡಯಾಲಿಸಿಸ್‌ಗೆ ಎಷ್ಟು ನೀರು ಖರ್ಚಾಗುತ್ತದೆ?

ನಾಲ್ಕನೇ ಬೆಡ್
ಮೇಷ್ಟ್ರೇ, ರಕ್ತ ತೊಳೆಯುವ ದ್ರಾವಣ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿ ಹರಿಯುತ್ತೆ. ನಾಲ್ಕು ಗಂಟೆಗೆ 120 ಲೀಟರ್. ಅದನ್ನು ಶುದ್ಧ ಮಾಡುವಾಗ ಹೋಗುವ ನೀರು ಬೇರೆ.

ಹಳೇ ಮೇಷ್ಟ್ರು
ನೋಡಿ, ನಾನು ಕುಡಿಯುವುದು ಒಂದು ಲೀಟರ್. ನನ್ನ ರಕ್ತ ತೊಳೆಯಲು 120 ಲೀಟರ್. ನಮ್ಮ ಊರ ಹೆಂಗಸರು ಬೇಸಿಗೆಯಲ್ಲಿ ಇಷ್ಟು ನೀರಿಗೆ ಎಷ್ಟು ಕೊಡ ಹೊರಬೇಕು ಅಂತ ಲೆಕ್ಕ ಹಾಕಿದೆ. ಹತ್ತು ಲೀಟರಿನ ಕೊಡ ಹನ್ನೆರಡು. ನನಗೋಸ್ಕರ ವಾರಕ್ಕೆ ಮೂರು ಸಲ ಯಾರೋ ಹನ್ನೆರಡು ಕೊಡ ನೀರು ತಂದು ಸುರಿಯುತ್ತಿದ್ದಾರೆ ಅಂದುಕೊಳ್ಳುತ್ತೇನೆ. ಮೆಷಿನ್ ಮೇಲಿನ ಸಿಟ್ಟು ಅಷ್ಟು ಕಡಿಮೆಯಾಗುತ್ತದೆ.

ಈ ಯಂತ್ರದ ಕಥೆಯೂ ನನಗೆ ಇಷ್ಟ. ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ಎರಡನೇ ಮಹಾಯುದ್ಧದ ನಡುವೆ ಇದನ್ನು ಮಾಡಿದರು. ಊರು ಜರ್ಮನರ ವಶದಲ್ಲಿತ್ತು, ಸಾಮಾನು ಏನೂ ಸಿಗುತ್ತಿರಲಿಲ್ಲ. ಮಾಂಸದ ಸಾಸೇಜ್‌ಗೆ ಸುತ್ತುವ ಸೆಲ್ಲೋಫೇನ್ ಕೊಳವೆಯಲ್ಲಿ ರಕ್ತ ಹರಿಸಿದರು. 1943ರಿಂದ ಒಬ್ಬರಾದ ಮೇಲೆ ಒಬ್ಬರಂತೆ ರೋಗಿಗಳು ತೀರಿಕೊಂಡರು. ಆದರೂ ಬಿಡಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಮೊದಲ ಬಾರಿಗೆ ಉಳಿದಳು. ನಾನು ಮೆಷಿನ್ ಶಬ್ದ ಕೇಳುವಾಗ ಆ ಹೆಂಗಸನ್ನು ನೆನೆಯುತ್ತೇನೆ.

ಹಡಗಲಿ ಹೈದ
ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಕೂರಬೇಕಿತ್ತು.

ಒಂದು ಮಾತು
ಕೇಳುತ್ತೇನೆ ಅಂತ ತಪ್ಪು ತಿಳಿಯಬೇಡಿ. ಮಗಳೇ ಕಿಡ್ನಿ ಕೊಟ್ಟರೆ ಈ ಕಷ್ಟವೇ ಇರಲ್ಲ ಅಲ್ವಾ?

ಅರಸೀಕೆರೆ ಹುಡುಗಿ
ಕೊಡಲು ಹೋಗಿದ್ದೆ. ನನಗೂ ಸಕ್ಕರೆ ಕಾಯಿಲೆ ಶುರುವಾಗಿದೆ ಅಂತ ಆ ಪರೀಕ್ಷೆಯಲ್ಲೇ ಗೊತ್ತಾಗಿದ್ದು. ಆಗಲ್ಲ ಅಂದರು.

ಕಾಫಿಪುಡಿ
ತಂಗಿ, ಇದನ್ನು ಇಲ್ಲಿ ಹೇಳುವ ಅಗತ್ಯ ನಿಮಗೆ ಇರಲಿಲ್ಲ. ದಯವಿಟ್ಟು ಯಾರೂ ಈ ಪ್ರಶ್ನೆಯನ್ನು ಯಾರ ಮನೆಯಲ್ಲೂ ಕೇಳಬೇಡಿ. ಕೊಡಲು ಆಗುವವರು ಕೊಟ್ಟೇ ಇರುತ್ತಾರೆ. ಸತ್ತ ಮೇಲೆ ಅಂಗಾಂಗ ದಾನಕ್ಕೆ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಇದೆ. ನಮ್ಮ ಯಜಮಾನರ ಹೆಸರು ಅಲ್ಲಿನ ಕಾಯುವ ಪಟ್ಟಿಯಲ್ಲಿದೆ. ಕೇಳಬೇಕು ಅನ್ನಿಸಿದರೆ ನಿಮ್ಮ ನಿಮ್ಮ ಮನೆಯಲ್ಲಿ ಕೇಳಿ, ನಾವು ದಾನಕ್ಕೆ ಹೆಸರು ಕೊಟ್ಟಿದ್ದೇವಾ ಅಂತ.

ಒಂದು ಮಾತು
ಕ್ಷಮಿಸಿ. ನಿಜವಾಗಿಯೂ ಯೋಚಿಸದೆ ಬರೆದೆ. ನಾನೇ ಹೆಸರು ಕೊಟ್ಟಿಲ್ಲ. ಇವತ್ತು ನೋಡುತ್ತೇನೆ.

ಸದಾ ನಗು
ನಾನು ಮತ್ತೆ ಬಂದೆ. ಎಲ್ಲ ಓದಿದೆ. ನನ್ನ 21 ಸಲದ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಅದರ ಬದಲು ಒಂದು ಹೇಳಲಾ? ನಮ್ಮ ತಂದೆ ಕೊನೆಯ ದಿನಗಳಲ್ಲಿ ರೇಡಿಯೋ ಕೇಳುತ್ತಿದ್ದರು. ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಬೇಡ ಅನ್ನುತ್ತಿದ್ದರು. "ಅದು ನಾವು ಹಾಕಿದ್ದು. ರೇಡಿಯೋದಲ್ಲಿ ಮುಂದೆ ಏನು ಬರುತ್ತೆ ಗೊತ್ತಿರಲ್ಲ, ಅದೇ ಚೆಂದ" ಅಂದರು. ಅಳುತ್ತಿದ್ದವರು ಅದೊಂದು ಹೊತ್ತು ಸುಮ್ಮನಾಗುತ್ತಿದ್ದರು. ನಿಮಗೆ ಹಾಸನ ಆಕಾಶವಾಣಿ ಹತ್ತಿರ ಅಲ್ವಾ? ಒಂದು ಸಣ್ಣ ರೇಡಿಯೋ ಕೊಡಿಸಿ ನೋಡಿ.

ಧಾರವಾಡದಾಕಿ
ಇದು ಎಷ್ಟು ನಿಜವಾದ ಮಾತು ಅಣ್ಣ. ಮುಂದೆ ಏನು ಬರುತ್ತೆ ಗೊತ್ತಿರಲ್ಲ ಅನ್ನೋದು ಕಾಯಿಲೆಯಲ್ಲಿ ಹೆದರಿಕೆ, ರೇಡಿಯೋದಲ್ಲಿ ಖುಷಿ.

ಅರಸೀಕೆರೆ ಹುಡುಗಿ
ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ಏನೇನಾಯಿತು ಅಂತ ಹೇಳಬೇಕು ಅನ್ನಿಸಿತು.

ಬಾಟಲಿ ಶುರು ಮಾಡಿದೆ. ಮೊದಲ ದಿನ ಅಮ್ಮ ಮಧ್ಯಾಹ್ನದೊಳಗೆ ಖಾಲಿ ಮಾಡಿದರು. ಸಂಜೆ ತುಂಬಾ ಕಷ್ಟ ಆಯಿತು. ನಾನು ಕೊಟ್ಟುಬಿಡುತ್ತಿದ್ದೆ, ಅವರೇ "ಬೇಡ, ನಾಳೆ ನೋಡಿಕೊಂಡು ಕುಡೀತೀನಿ" ಅಂದರು. ಎರಡನೇ ದಿನ ರಾತ್ರಿ ಮಲಗುವಾಗ ಇನ್ನೂ ಎರಡು ಗುಟುಕು ಉಳಿದಿತ್ತು. ಅದನ್ನು ನನಗೆ ತೋರಿಸಿ ಕುಡಿದರು. ಶುಗರ್ ನೋಡಿದೆ, ಜಾಸ್ತಿಯೇ ಇತ್ತು. ಡಾಕ್ಟರ್ ಇನ್ಸುಲಿನ್ ಸ್ವಲ್ಪ ಬದಲಾಯಿಸಿದ್ದಾರೆ.

ಹೂವು ಕಟ್ಟಬಹುದು ಅಂತ ಡಾಕ್ಟರ್ ಅಮ್ಮನಿಗೇ ನೇರ ಹೇಳಿದರು. ಅಮ್ಮ ಏನೂ ಅನ್ನಲಿಲ್ಲ. ಶನಿವಾರ ನಾನು ಕಾಕಡ ತಂದು ಮೊರದಲ್ಲಿ ಹಾಕಿ, "ಅಮ್ಮ, ಇದನ್ನು ಒತ್ತಾಗಿ ಕಟ್ಟಬೇಕಾ, ಬಿಡಿಯಾಗಿ ಕಟ್ಟಬೇಕಾ?" ಅಂತ ಕೇಳಿದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಕಟ್ಟಲು ಹೋಗಿ ಎಲ್ಲ ಜಾರಿತು. ಅಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಕೂತು, ಸೆರಗಿನಿಂದ ಎಡಗೈ ಹೊರಗೆ ತೆಗೆದು, "ಕೊಡಿಲ್ಲಿ" ಅಂದರು. ಅರ್ಧ ಮೊಳ ಕಟ್ಟಿದರು. ಸುಸ್ತಾಯಿತು, ಮಲಗಿದರು. ಆ ಅರ್ಧ ಮೊಳವನ್ನು ನಾನು ಮುಡಿದುಕೊಂಡು ಕೆಲಸಕ್ಕೆ ಹೋದೆ.

ಭಾನುವಾರ ಮತ್ತೆ ಮುಖ ತಿರುಗಿಸಿಯೇ ಮಲಗಿದ್ದರು. ದಿನಾ ಒಂದೇ ಥರ ಇರಲ್ಲ. ಜೇನುಗೂಡಿನ ಕಥೆ ಹೇಳಿದಾಗ ಮಾತ್ರ ಸ್ವಲ್ಪ ನಕ್ಕರು. ಕೈ ಇಟ್ಟು ನೋಡಿ, "ಹೌದು ಕಣೇ, ಇದೆ" ಅಂದರು.

ಹಳೇ ಮೇಷ್ಟ್ರು
ಅರ್ಧ ಮೊಳ ಸಾಕು ಮಗಳೇ. ನಿಮ್ಮ ಶುಗರಿಗೂ ಡಾಕ್ಟರ್ ಹತ್ತಿರ ತೋರಿಸಿದಿರಾ? ನೀವು ಆ ವಿಷಯ ಬರೆಯಲೇ ಇಲ್ಲ.

ಅರಸೀಕೆರೆ ಹುಡುಗಿ
ಇಲ್ಲ ಮೇಷ್ಟ್ರೇ. ಮಂಗಳವಾರ ಹೋಗುತ್ತೇನೆ.

ಹಳೇ ಮೇಷ್ಟ್ರು
ಮಂಗಳವಾರ ರಾತ್ರಿ ಇಲ್ಲಿ ಬರೆಯಿರಿ. ಕಾಯುತ್ತೇನೆ.

ಪುಟ್ಟಗೌರಿ ಟೈಲರ್
ಅಮ್ಮನ ಒಂದು ರವಿಕೆ ಅಳತೆಗೆ ನಿಮ್ಮ ಊರಿನ ಟೈಲರ್‌ಗೆ ಕೊಡಿ. ಟಿಚ್ ಬಟನ್ ಒಂದು ಇಂಚಿಗೆ ಒಂದು ಇಡಲು ಹೇಳಿ. ದೂರ ಇಟ್ಟರೆ ನಡುವೆ ಬಾಯಿ ಬಿಡುತ್ತೆ.

ಕಾಫಿಪುಡಿ
ಐಸ್ ಮರೆತಿದ್ದೆ. ಬಾಟಲಿ ನೀರಲ್ಲೇ ಸ್ವಲ್ಪ ತೆಗೆದು ಐಸ್ ಟ್ರೇಗೆ ಹಾಕಿಡಿ. ನಮ್ಮ ಟ್ರೇಯಲ್ಲಿ ಒಂದು ಐಸ್ ತುಂಡಿಗೆ 15 ಮಿಲಿ, ಸಿರಿಂಜಿನಲ್ಲಿ ಅಳೆದು ನೋಡಿದ್ದೆ. ಗುಟುಕು ನೀರು ಒಂದು ಕ್ಷಣಕ್ಕೆ ಮುಗಿಯುತ್ತೆ, ಐಸ್ ಬಾಯಲ್ಲಿ ಐದು ನಿಮಿಷ ಇರುತ್ತೆ. ಎರಡು ಹನಿ ನಿಂಬೆ ಹಿಂಡಿದರೆ ಇನ್ನೂ ಚೆನ್ನ. ಲೆಕ್ಕದಲ್ಲಿ ಸೇರಿಸುವುದು ಮಾತ್ರ ಮರೆಯಬೇಡಿ.